ಬೇಸ್ (ಹಾಡಿನ ತಗ್ಗು ಸ್ವರದ ಸದ್ದು) ಜೋರಾದಾಗ ಕಾರಿನ ಆಂಪ್ಲಿಫೈಯರ್ ಕ್ಷಣಕಾಲ ಆಫ್ ಆಗುವುದೇಕೆ?

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವಾಗ ಹಾಡಿನಲ್ಲಿ ಡೊಳ್ಳಿನ ಪೆಟ್ಟು ಬಿದ್ದಾಗಲೆಲ್ಲ ನಿಮ್ಮ ಆಂಪ್ಲಿಫೈಯರ್ ಆಫ್ ಆಗುತ್ತಿದ್ದರೆ, ಅದಕ್ಕೆ ಬಹುಮಟ್ಟಿಗೆ ಕಾರಣ ಕರೆಂಟ್ ಒಯ್ಯುವ ತೆಳು ತಂತಿ ಮತ್ತು ಸಡಿಲವಾದ ಅರ್ತಿಂಗ್ (ಕರೆಂಟ್ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳಲು ಮಾಡಿದ ಜೋಡಣೆ). ಪೆಟ್ಟಿನ ಆ ಕ್ಷಣದಲ್ಲಿ 40 ಆಂಪಿಯರ್ ಹರಿದರೆ, 5 ಮೀಟರ್ ಉದ್ದದ 4 ಚದರ ಮಿ.ಮೀ. ತಾಮ್ರದ ತಂತಿಯೊಂದೇ ಸುಮಾರು 0.85 ವೋಲ್ಟ್ ನುಂಗುತ್ತದೆ. ಬ್ಯಾಟರಿಯ ವೋಲ್ಟೇಜೂ ಆಗಲೇ ಇಳಿದಿರುತ್ತದೆ, ಬಣ್ಣದ ಮೇಲೆಯೇ ಬಿಗಿದ ಅರ್ತಿಂಗ್ ಇನ್ನಷ್ಟು ನುಂಗಿದಾಗ, ವೋಲ್ಟೇಜ್ ಸಾಲದೆಂದು ಆಂಪ್ಲಿಫೈಯರಿನ ರಕ್ಷಣಾ ಸರ್ಕ್ಯೂಟ್ ಅದನ್ನು ನಿಲ್ಲಿಸಿಬಿಡುತ್ತದೆ.

ಆದ್ದರಿಂದ 20 ಚದರ ಮಿ.ಮೀ.ನ ಅಪ್ಪಟ ತಾಮ್ರದ ತಂತಿಯನ್ನು (ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಖಂಡಿತ ಬೇಡ) ನೇರವಾಗಿ ಬ್ಯಾಟರಿಯಿಂದಲೇ ಎಳೆಸಿ. ತಂತಿ ಎಲ್ಲಾದರೂ ಉಜ್ಜಿ ಕಾರಿನ ಲೋಹದ ಮೈಗೆ ತಾಗಿದರೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಇರಲಿ. ಅರ್ತಿಂಗ್ ಬೋಲ್ಟ್ ಕೂರುವ ಜಾಗದಲ್ಲಿ ಲೋಹ ಬೆಳ್ಳಗೆ ಹೊಳೆಯುವವರೆಗೆ ಬಣ್ಣವನ್ನು ಕೆರೆದು, ಅಷ್ಟೇ ದಪ್ಪದ ತಂತಿಯಿಂದ ಬಿಗಿಸಿ.