ಭತ್ತದ ಹಳೆಯ ತಳಿಗಳನ್ನು ಎಲ್ಲಿ ಉಳಿಸಬೇಕು, ಏಕೆ ಉಳಿಸಬೇಕು?

ಪ್ರಶ್ನೆ: ನಮ್ಮದು ಮೂರು ಎಕರೆ ಗದ್ದೆ. ಜಯ, ಎಂಟಿಯು 1010, ಬಿಪಿಟಿ 5204 ಹೀಗೆ ತಳಿ ಬದಲಾಯಿಸುತ್ತಾ ಬೆಳೆಯುತ್ತೇವೆ. ಇಳುವರಿಯ ಬಗ್ಗೆ ದೂರಿಲ್ಲ. ಆಳೆತ್ತರ ಬೆಳೆದು ಮಳೆಗೆ ಮಲಗಿಬಿಡುವ, ಇದರ ಅರ್ಧದಷ್ಟು ಇಳುವರಿಯನ್ನೂ ಕೊಡದ ಹಳೆಯ ತಳಿಗಳನ್ನು ಉಳಿಸಿಕೊಳ್ಳಿ ಎಂದು ಸಭೆಗಳಲ್ಲಿ ಹೇಳುತ್ತಾರೆ. ಇದರಲ್ಲಿ ಅರ್ಥವಿದೆಯೇ? ನಾವು ತಳಿ ಬದಲಾಯಿಸುತ್ತಿದ್ದರೆ ವೈವಿಧ್ಯ ತಾನಾಗಿಯೇ ಇದ್ದಂತಲ್ಲವೇ?
— ಶಿಕಾರಿಪುರ ತಾಲ್ಲೂಕಿನ ರೈತರು

ಉತ್ತರ: ತಳಿಯ ಹೆಸರು ಬದಲಾದ ಮಾತ್ರಕ್ಕೆ ಗದ್ದೆಯಲ್ಲಿ ವಂಶವಾಹಿಗಳ (ಜೀನ್‌ಗಳ) ವೈವಿಧ್ಯ ಹೆಚ್ಚುವುದಿಲ್ಲ. ನೀವು ಹೆಸರಿಸಿದ ಮೂರು ತಳಿಗಳ ಮೂಲವನ್ನೇ ನೋಡಿ. 1968ರಲ್ಲಿ ಬಿಡುಗಡೆಯಾದ ಜಯ ತಳಿಗೂ, ಬಾಪಟ್ಲದಲ್ಲಿ ರೂಪುಗೊಂಡು ಸಾಂಬಾ ಮಸೂರಿ ಎಂದು ಹೆಸರಾದ ಬಿಪಿಟಿ 5204ಕ್ಕೂ ಗಿಡ್ಡತನ ಬಂದಿರುವುದು ತೈವಾನಿನ ತೈಚುಂಗ್ ನೇಟಿವ್ 1 ತಳಿಯಿಂದ. ಎಂಟಿಯು 1010ಕ್ಕೆ ಅದು ಬಂದಿರುವುದು ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐಆರ್ 64ರ ಮೂಲಕ. ಈ ಎರಡು ದಾರಿಗಳನ್ನೂ ಹಿಂದಕ್ಕೆ ಹಿಡಿದು ಹೋದರೆ ಸಿಗುವುದು ಡೀ-ಜಿಯೊ-ವೂ-ಜೆನ್ ಎಂಬ ಒಂದೇ ಹಳೆಯ ತಳಿ. 1966ರಲ್ಲಿ ಬಂದ ಐಆರ್ 8ರಿಂದ ಮೊದಲ್ಗೊಂಡು ಇಂದಿನವರೆಗೆ ಏಷ್ಯಾದ ನೀರಾವರಿ ಗದ್ದೆಗಳನ್ನು ತುಂಬಿರುವ ಗಿಡ್ಡ ತಳಿಗಳಲ್ಲಿ ಬಹುಪಾಲಿನವು ಅದೇ ಒಂದು ವಂಶವಾಹಿಯನ್ನು ಹೊತ್ತುಕೊಂಡಿವೆ.

ಒಂದು ವಂಶವಾಹಿ ಎಲ್ಲೆಡೆ ಇರುವುದೇ ಅಪಾಯವೆಂದು ನಾನು ಹೇಳುತ್ತಿಲ್ಲ. ಗೊಬ್ಬರ ಹಾಕಿದರೂ ಮಲಗದೆ ನಿಲ್ಲುವ ಪೈರು ಕೋಟ್ಯಂತರ ಜನರ ಊಟಕ್ಕೆ ಆಧಾರವಾಯಿತು. ಆ ಉಪಕಾರವನ್ನು ಕಡೆಗಣಿಸಿ ಮಾತನಾಡುವುದು ನ್ಯಾಯವಲ್ಲ. ತೊಂದರೆ ಆರಂಭವಾಗುವುದು ಅದೇ ಕೆಲವು ತಳಿಗಳನ್ನು ಮತ್ತೆ ಮತ್ತೆ ಸಂಕರಕ್ಕೆ ಬಳಸಿದಾಗ. ಒಂದು ರೋಗಕ್ಕೆ ಸೋಲುವ ಗುಣ ಅವುಗಳಲ್ಲಿದ್ದರೆ ಆ ಸೋಲು ಲಕ್ಷಾಂತರ ಹೆಕ್ಟೇರಿಗೆ ಏಕಕಾಲದಲ್ಲಿ ಹರಡುತ್ತದೆ. 1970ರ ದಶಕದಲ್ಲಿ ಆದದ್ದು ಇದೇ. ಕಂದು ಜಿಗಿಹುಳು ಹರಡುವ ಗ್ರಾಸಿ ಸ್ಟಂಟ್ ಎಂಬ ನಂಜುರೋಗ ಆಗ್ನೇಯ ಏಷ್ಯಾದ ಹೊಸ ತಳಿಗಳ ಮೇಲೆ ಎರಗಿದಾಗ ಅದನ್ನು ತಡೆಯುವ ಗುಣ ಯಾವ ಸುಧಾರಿತ ತಳಿಯಲ್ಲೂ ಇರಲಿಲ್ಲ. ವಿಜ್ಞಾನಿಗಳು ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ಕೊನೆಗೆ ನಿರೋಧಕ ಗುಣ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿ ತಂದಿದ್ದ ಒರೈಜಾ ನಿವಾರಾ ಎಂಬ ಕಾಡುಭತ್ತದ ಒಂದೇ ಒಂದು ಮಾದರಿಯಲ್ಲಿ, ಅದರಲ್ಲೂ ಕೆಲವೇ ಗಿಡಗಳಲ್ಲಿ. ಕಾಳು ಉದುರಿಸಿಕೊಳ್ಳುವ, ಯಾವ ರೈತನೂ ಗದ್ದೆಯಲ್ಲಿ ಉಳಿಸಿಕೊಳ್ಳಲಾರದ ಆ ಕಳೆಯಂಥ ಗಿಡದ ವಂಶವಾಹಿಯನ್ನೂ, ಕೇರಳದ ಪಟ್ಟಾಂಬಿಯ ತಳಿಗಳಿಂದ ಬಂದ ಕೀಟನಿರೋಧಕ ಗುಣವನ್ನೂ ಸೇರಿಸಿ ಭತ್ತದ ತಳಿವಿಜ್ಞಾನಿ ಗುರುದೇವ್ ಖುಷ್ ಅವರ ತಂಡ ರೂಪಿಸಿದ ಐಆರ್ 36 ತಳಿ 1976ರಲ್ಲಿ ಬಿಡುಗಡೆಯಾಯಿತು. 1980ರ ದಶಕದಲ್ಲಿ ಅದು ಸುಮಾರು 1.1 ಕೋಟಿ ಹೆಕ್ಟೇರಿನಲ್ಲಿ ಬೆಳೆಯುತ್ತಿತ್ತು. ಆ ಕಾಡುಭತ್ತ ಬೆಳೆದಿದ್ದ ಕೆರೆಯಂಗಳವನ್ನು ಸಂಗ್ರಾಹಕರು ತಲುಪುವ ಮುನ್ನವೇ ಯಾರಾದರೂ ಮಣ್ಣು ತುಂಬಿಸಿ ಸಮ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಿಕೊಳ್ಳಿ.

ನಿಮ್ಮ ಬಿಪಿಟಿ 5204ರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅನ್ನದ ಗುಣದಲ್ಲಿ ಅದಕ್ಕೆ ಸರಿಸಾಟಿ ಕಡಿಮೆ, ಆದರೆ ಬೆಂಕಿರೋಗಕ್ಕೂ ದುಂಡಾಣು ಎಲೆ ಅಂಗಮಾರಿ ರೋಗಕ್ಕೂ ಅದು ಸುಲಭವಾಗಿ ತುತ್ತಾಗುತ್ತದೆ. ಹೈದರಾಬಾದಿನ ಸಂಶೋಧಕರು ಅದಕ್ಕೆ ಅಂಗಮಾರಿಯನ್ನು ತಡೆಯುವ ಮೂರು ವಂಶವಾಹಿಗಳನ್ನು ಸೇರಿಸಿದ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. ಆ ಮೂರರಲ್ಲಿ ಒಂದು ಬಂದಿರುವುದು ಆಫ್ರಿಕಾದ ಮಾಲಿ ದೇಶದ ಕಾಡುಭತ್ತದಿಂದ.

ಮಿಶ್ರತಳಿ (ಹೈಬ್ರಿಡ್) ಭತ್ತದಲ್ಲಿ ಈ ಇಕ್ಕಟ್ಟು ಇನ್ನೂ ಹೆಚ್ಚು, ಆದರೆ ಅದರ ಚರ್ಚೆ ಕಡಿಮೆ. 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಸಿಕ್ಕಿದ, ಪರಾಗ ಬರಡಾಗಿದ್ದ ಕಾಡುಭತ್ತದ ಕೋಶರಸವೇ (ಜೀವಕೋಶದಲ್ಲಿ ಕೇಂದ್ರದ ಹೊರಗಿನ ಭಾಗ) ಇಂದಿಗೂ ಬಹುತೇಕ ಮಿಶ್ರತಳಿಗಳ ತಾಯಿಯ ಕಡೆಯ ಆಸ್ತಿ. ಮಂಡ್ಯದ ವಿ.ಸಿ. ಫಾರಂನಿಂದ 1996ರಲ್ಲಿ ಹೊರಬಂದ ಕೆಆರ್‌ಎಚ್ 2 ಕೂಡ ಅದೇ ಬಳಗದ್ದು. ಕೋಶರಸವನ್ನೇ ಗುರಿಯಾಗಿಸುವ ರೋಗವೊಂದು ಬಂದರೆ ತಂದೆಯ ಕಡೆಯ ತಳಿ ಎಷ್ಟೇ ಬೇರೆಯಾಗಿದ್ದರೂ ಅದರಿಂದ ಪ್ರಯೋಜನವಾಗದು. ಬೇರೆ ಮೂಲಗಳ ಕೋಶರಸವನ್ನು ತಳಿ ಅಭಿವೃದ್ಧಿಗೆ ತರುವ ಕೆಲಸಕ್ಕೆ ನಾವು ಇನ್ನಷ್ಟು ಹಣವನ್ನೂ ಶ್ರಮವನ್ನೂ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಇಳುವರಿಯ ಮಾತು. ಮೂರು ಎಕರೆಯನ್ನೇ ನಂಬಿದ ಕುಟುಂಬ ಕಡಿಮೆ ಇಳುವರಿಯ ತಳಿಗೆ ಹಿಂತಿರುಗಬೇಕೆಂದು ಯಾರೂ ಒತ್ತಾಯಿಸಬಾರದು. ಹಾಗೆ ಒತ್ತಾಯಿಸುವವರು ಆ ನಷ್ಟವನ್ನು ತುಂಬಿಕೊಡುವ ದಾರಿಯನ್ನೂ ಹೇಳಬೇಕು. ಆದರೆ ಹಳೆಯ ತಳಿಯ ಬೆಲೆಯನ್ನು ಕ್ವಿಂಟಲಿನಲ್ಲಿ ಮಾತ್ರ ಅಳೆಯಲಾಗದು. ಒಡಿಶಾದ ಧಲಾಪುತ್ತಿಯಾ ಎಂಬ ನಾಟಿ ತಳಿಯಿಂದ ಆಯ್ದ ಎಫ್‌ಆರ್ 13ಎ ಇಳುವರಿಯಲ್ಲೂ ಕಾಳಿನ ಗುಣದಲ್ಲೂ ಹಿಂದೆ ಬಿದ್ದದ್ದು. ಆದರೆ ನೆರೆ ನೀರಿನಲ್ಲಿ ಸುಮಾರು ಎರಡು ವಾರ ಪೂರ್ತಿ ಮುಳುಗಿದ್ದರೂ ಬದುಕುವ ಶಕ್ತಿ ಅದಕ್ಕಿತ್ತು. ಮುಳುಗಿದಾಗ ಉಳಿದ ಪೈರುಗಳು ನೀರಿನಿಂದ ಮೇಲೇಳಲು ಬೆಳೆಬೆಳೆದು ಕೂಡಿಟ್ಟ ಪಿಷ್ಟವನ್ನೆಲ್ಲ ಖರ್ಚು ಮಾಡಿ ಸೊರಗಿದರೆ, ಇದು ಬೆಳವಣಿಗೆಯನ್ನೇ ತಡೆಹಿಡಿದು ಶಕ್ತಿಯನ್ನು ಉಳಿಸಿಕೊಂಡು ನೀರಿಳಿದ ಮೇಲೆ ಚಿಗುರುತ್ತದೆ. ಇದಕ್ಕೆ ಕಾರಣವಾದ ಸಬ್1ಎ ವಂಶವಾಹಿಯನ್ನು 2006ರಲ್ಲಿ ಗುರುತಿಸಲಾಯಿತು. ಅದನ್ನು ಸೇರಿಸಿದ ಸ್ವರ್ಣ ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಇಳುವರಿ ಇಲ್ಲವೆಂದು ಎಫ್‌ಆರ್ 13ಎ ಯನ್ನು ಕೈಬಿಟ್ಟಿದ್ದರೆ ಈ ದಾರಿಯೇ ತೆರೆಯುತ್ತಿರಲಿಲ್ಲ. ಸೊರಬ, ಬನವಾಸಿ ಕಡೆಯ ತಗ್ಗಿನ ಗದ್ದೆಗಳಲ್ಲಿ ನೆರೆಗೂಳಿ ಎಂಬ ಭತ್ತವಿರುವುದು ನಿಮಗೆ ಗೊತ್ತಿರಬಹುದು. ಅದರ ಬೀಜ ನಿಮ್ಮ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಒಂದೆರಡು ಗುಂಟೆಯಲ್ಲಿ ಬೆಳೆಸಿ ನೋಡಿ. ನಾನು ಕೇಳುವುದು ಇಷ್ಟನ್ನೇ.

ಪ್ರಶ್ನೆ: ಸಾವಿರಾರು ತಳಿಗಳ ಡಿಎನ್‌ಎ ಮಾಹಿತಿ ಈಗ ಕಂಪ್ಯೂಟರಿನಲ್ಲಿದೆ, ವಂಶವಾಹಿಯನ್ನು ತಿದ್ದುವ ತಂತ್ರವೂ ಬಂದಿದೆ. ಬೀಜವನ್ನೇ ಕಾಪಾಡುವ ಅಗತ್ಯ ಇನ್ನೂ ಇದೆಯೇ?
— ಬೆಂಗಳೂರಿನ ಪದವಿ ವಿದ್ಯಾರ್ಥಿನಿ

ಉತ್ತರ: ಇದೆ. 2014ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಭತ್ತದ ಮಾದರಿಗಳ ಡಿಎನ್‌ಎ ಅನುಕ್ರಮ ಬಹಿರಂಗವಾದದ್ದು ದೊಡ್ಡ ಹೆಜ್ಜೆ. ಆದರೆ ಅನುಕ್ರಮ ತಿಳಿದ ಮಾತ್ರಕ್ಕೆ ಯಾವ ತುಣುಕು ಗಿಡಕ್ಕೆ ಏನು ಮಾಡುತ್ತದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಬೀಜ ಬಿತ್ತಿ, ರೋಗ ಹಚ್ಚಿ, ನೀರು ತಡೆದು, ಉಪ್ಪುನೀರು ಹಾಯಿಸಿ ಗಿಡವನ್ನೇ ಪರೀಕ್ಷಿಸಬೇಕು. ಕಾಸಲಾಥ್ ಎಂಬ ಪೂರ್ವ ಭಾರತದ ನಾಟಿ ತಳಿಯ ಉದಾಹರಣೆ ಇಲ್ಲಿ ತುಂಬ ಮುಖ್ಯ. ರಂಜಕ ಕಡಿಮೆ ಇರುವ ಮಣ್ಣಿನಲ್ಲೂ ಅದರ ಬೇರು ಚೆನ್ನಾಗಿ ಹರಡಿಕೊಳ್ಳುವಂತೆ ಮಾಡುವ ವಂಶವಾಹಿಯನ್ನು 2012ರಲ್ಲಿ ಪತ್ತೆ ಮಾಡಿದಾಗ, ಜಗತ್ತೆಲ್ಲ ಮಾದರಿಯಾಗಿ ಬಳಸುತ್ತಿದ್ದ ಜಪಾನಿನ ನಿಪ್ಪೊನ್‌ಬಾರೆ ತಳಿಯ ಅನುಕ್ರಮದಲ್ಲಿ ಅದು ಇರಲೇ ಇಲ್ಲವೆಂಬುದು ಗೊತ್ತಾಯಿತು. ಆ ಒಂದು ಅನುಕ್ರಮವನ್ನಷ್ಟೇ ಹಿಡಿದು ಹುಡುಕಿದ್ದರೆ ಅದು ಎಂದೂ ಸಿಗುತ್ತಿರಲಿಲ್ಲ.

ತಿದ್ದುವ ತಂತ್ರ ಇರುವ ವಂಶವಾಹಿಯನ್ನು ಬದಲಿಸುವುದರಲ್ಲಿ ಸಮರ್ಥವಾದುದು. 2025ರ ಮೇ ತಿಂಗಳಲ್ಲಿ ಭಾರತ ಪ್ರಕಟಿಸಿದ ಎರಡು ತಿದ್ದಿದ ತಳಿಗಳನ್ನು ಗಮನಿಸಿ: ಒಂದನ್ನು ಸಾಂಬಾ ಮಸೂರಿಯಿಂದಲೂ ಇನ್ನೊಂದನ್ನು ಎಂಟಿಯು 1010ರಿಂದಲೂ ರೂಪಿಸಲಾಗಿದೆ. ಕೆಲಸ ಉತ್ತಮವಾದದ್ದೇ, ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ತಳಹದಿ ಮತ್ತೆ ಅವೇ ಜನಪ್ರಿಯ ತಳಿಗಳು. ಯಾವುದನ್ನು ಹೇಗೆ ತಿದ್ದಬೇಕೆಂಬ ಸುಳಿವು ನಿಸರ್ಗದಲ್ಲಿ ಈಗಾಗಲೇ ಇರುವ ವ್ಯತ್ಯಾಸಗಳಿಂದಲೇ ಹೆಚ್ಚಾಗಿ ಸಿಗುವುದರಿಂದ, ಈ ತಂತ್ರ ಬೆಳೆದಷ್ಟೂ ಸಂಗ್ರಹದ ಬೀಜಕ್ಕೆ ಬೇಡಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಪ್ರಶ್ನೆ: ನಮ್ಮ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಕಗ್ಗ ಭತ್ತ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ಬೀಜಗಳನ್ನು ಕಾಪಿಡುವ ಜೀನ್ ಬ್ಯಾಂಕಿಗೆ ಅದರ ಬೀಜ ಸೇರಿದ್ದರೆ ಸಾಲದೇ?
— ಕುಮಟಾ ತಾಲ್ಲೂಕಿನ ಓದುಗರು

ಉತ್ತರ: ಜೀನ್ ಬ್ಯಾಂಕ್ ಬೇಕೇ ಬೇಕು. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಸಂಗ್ರಹದಲ್ಲಿ ಇಂದು 1.3 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜಗಳನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಭತ್ತದ ವಿಜ್ಞಾನಿ ಆರ್. ಎಚ್. ರಿಛಾರಿಯಾ ಅವರು 1970ರ ದಶಕದಲ್ಲಿ ಛತ್ತೀಸ್‌ಗಢದ ಹಳ್ಳಿಹಳ್ಳಿಗಳಿಂದ ಸಾವಿರಾರು ತಳಿಗಳನ್ನು ಕೂಡಿಸಿ ಇಡದೇ ಹೋಗಿದ್ದರೆ ಇಂದು ರಾಯಪುರದ ಕೃಷಿ ವಿಶ್ವವಿದ್ಯಾಲಯದಲ್ಲಿರುವ ಆ ಸಂಪತ್ತಿನಲ್ಲಿ ಎಷ್ಟೋ ಪಾಲು ಗದ್ದೆಯಿಂದ ಮಾಯವಾಗಿ ಹೋಗುತ್ತಿತ್ತು.

ಆದರೂ ಸಾಲದು. ತಣ್ಣನೆಯ ಕೋಣೆಯಲ್ಲಿರುವ ಬೀಜ ಸಂಗ್ರಹಿಸಿದ ವರ್ಷದಲ್ಲಿ ಹೇಗಿತ್ತೋ ಹಾಗೆಯೇ ಇರುತ್ತದೆ, ಗದ್ದೆಯಲ್ಲಿರುವ ಬೀಜ ಪ್ರತಿ ಮಳೆಗಾಲದಲ್ಲೂ ಹೊಸದಾಗಿ ಪರೀಕ್ಷೆಗೆ ಒಳಗಾಗುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ನುಗ್ಗುವ ಗಜನಿಗಳಲ್ಲಿ, ಗೊಬ್ಬರವಾಗಲಿ ಔಷಧಿಯಾಗಲಿ ಇಲ್ಲದೆ, ಮೀನು ಸಿಗಡಿಗಳ ನಡುವೆ ಬೆಳೆಯುವ ಕಗ್ಗ ಇದಕ್ಕೆ ನಿಚ್ಚಳವಾದ ಸಾಕ್ಷಿ. ಬೆಂಕಿರೋಗದ ಶಿಲೀಂಧ್ರ ಬದಲಾಗುತ್ತಿದೆ, ಮಳೆಯ ಕಾಲ ಬದಲಾಗುತ್ತಿದೆ. ಗಜನಿಯಲ್ಲಿರುವ ಕಗ್ಗ ಅದಕ್ಕೆ ತಕ್ಕಂತೆ ಬದಲಾಗುತ್ತಾ ಹೋಗಬಲ್ಲದು, ಪೊಟ್ಟಣದಲ್ಲಿರುವ ಕಗ್ಗಕ್ಕೆ ಅದು ಸಾಧ್ಯವಿಲ್ಲ. ಜೊತೆಗೆ, ಯಾವ ನೀರಿಗೆ ಯಾವಾಗ ಮೊಳಕೆಯೊಡೆದ ಬೀಜ ಹಾಕಬೇಕು, ಕಟ್ಟೆಯನ್ನು ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬ ಊರವರ ತಿಳಿವಳಿಕೆ ಯಾವ ಬ್ಯಾಂಕಿಗೂ ಸೇರುವುದಿಲ್ಲ. ಕಟ್ಟೆ ಒಡೆದು ಗಜನಿ ಪೂರ್ತಿ ಸಿಗಡಿ ಕೆರೆಯಾದರೆ, ಮುಂದೆ ಬೀಜ ಹಿಂತಿರುಗಿ ಬಂದರೂ ಅದನ್ನು ಬೆಳೆಯಬಲ್ಲ ನೆಲವೂ ಕೈಗಳೂ ಇರಬೇಕಲ್ಲ. ಆದ್ದರಿಂದ ಕಗ್ಗವನ್ನು ಉಳಿಸುವ ಯೋಜನೆ ಬೀಜ ಹಂಚುವುದಕ್ಕಿಂತ ಮೊದಲು ಕಟ್ಟೆಗಳ ದುರಸ್ತಿಗೆ ಹಣ ಇಡಬೇಕು.

ಗದ್ದೆಯ ವೈವಿಧ್ಯ ರೈತನಿಗೆ ಅದೇ ಬೆಳೆಯಲ್ಲಿ ಲಾಭ ಕೊಡುವುದೂ ಉಂಟು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಸಾವಿರಾರು ರೈತರು ಬೆಂಕಿರೋಗಕ್ಕೆ ಬೇಗ ತುತ್ತಾಗುವ ಅಂಟು ಭತ್ತದ ಸಾಲುಗಳನ್ನು ನಿರೋಧಕ ಮಿಶ್ರತಳಿಯ ಸಾಲುಗಳ ನಡುವೆ ನೆಟ್ಟರು. 2000ನೇ ಇಸವಿಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂಟಿಯಾಗಿ ಬೆಳೆದಾಗಿನದಕ್ಕಿಂತ ಅಂಟು ಭತ್ತದಲ್ಲಿ ರೋಗದ ತೀವ್ರತೆ ಶೇ 94ರಷ್ಟು ಕಡಿಮೆಯಾಯಿತು, ಇಳುವರಿ ಶೇ 89ರಷ್ಟು ಹೆಚ್ಚಿತು.

ಪ್ರಶ್ನೆ: ಅಜ್ಜಿಯ ಕಾಲದಿಂದ ಬಂದ ಒಂದು ಕೆಂಪಕ್ಕಿ ಭತ್ತ ನಮ್ಮಲ್ಲಿದೆ. ಬೆರಕೆಯಾಗದಂತೆ ಉಳಿಸುವುದು ಹೇಗೆ? ಎಲ್ಲಿಗಾದರೂ ಒಪ್ಪಿಸಬಹುದೇ? ಒಪ್ಪಿಸಿದರೆ ನಮ್ಮ ಹಕ್ಕು ಹೋಗುತ್ತದೆಯೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಭತ್ತ ಬಹುತೇಕ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಪಕ್ಕದ ಗದ್ದೆಯ ತಳಿಯಿಂದ ಮೂರು ಮೀಟರ್ ಅಂತರ ಬಿಟ್ಟರೆ ಸಾಕು. ಬೆರಕೆ ಹೆಚ್ಚಾಗಿ ಆಗುವುದು ಗಾಳಿಯಿಂದಲ್ಲ, ಕಣದಲ್ಲಿ, ಒಕ್ಕಣೆ ಯಂತ್ರದಲ್ಲಿ, ಚೀಲದಲ್ಲಿ. ಬೀಜದ ಪಾಲನ್ನು ಬೇರೆಯಾಗಿ ಕೊಯ್ದು, ಕೈಯಿಂದ ಬಡಿದು ಒಕ್ಕಿರಿ.

ಬೀಜಕ್ಕೆ ಒಂದೇ ಒಳ್ಳೆಯ ಗಿಡವನ್ನು ಆಯ್ದುಕೊಳ್ಳಬೇಡಿ. ನಾಟಿ ತಳಿ ಎಂದರೆ ಸ್ವಲ್ಪ ಸ್ವಲ್ಪ ಭೇದವಿರುವ ಗಿಡಗಳ ಸಮೂಹ. ನೂರರಲ್ಲಿ ಐದು ಗಿಡಗಳಲ್ಲಿ ಮಾತ್ರ ಒಂದು ಉಪಯುಕ್ತ ಗುಣವಿದೆಯೆಂದಿಟ್ಟುಕೊಳ್ಳಿ: ಹತ್ತು ಗಿಡಗಳಿಂದ ತೆನೆ ತೆಗೆದರೆ ಆ ಗುಣ ತಪ್ಪಿಹೋಗುವ ಸಂಭವ ಶೇ 60ರಷ್ಟು, ಅರವತ್ತು ಗಿಡಗಳಿಂದ ತೆಗೆದರೆ ಅದು ಶೇ 5ಕ್ಕಿಂತ ಕಡಿಮೆ. ಗದ್ದೆಯ ಎಲ್ಲ ಭಾಗಗಳಿಂದ, ಗಿಡಕ್ಕೊಂದರಂತೆ, ನೂರಕ್ಕೂ ಹೆಚ್ಚು ತೆನೆ ಆಯ್ದುಕೊಳ್ಳಿ. ಸ್ಪಷ್ಟವಾಗಿ ಬೇರೆ ತಳಿಯೆಂದು ಕಾಣುವ ಗಿಡಗಳನ್ನು ಮಾತ್ರ ತೆನೆ ಬಂದ ಕೂಡಲೇ ಕಿತ್ತುಹಾಕಿ. ಎತ್ತರದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆಯೆಂದು ಎಲ್ಲವನ್ನೂ ತೆಗೆಯುವ ಅಗತ್ಯವಿಲ್ಲ.

ಒಣಗಿಸುವುದರ ಮೇಲೆ ಬೀಜದ ಆಯಸ್ಸು ನಿಂತಿದೆ. ತೇವಾಂಶ ಶೇ 1ರಷ್ಟು ಇಳಿದರೆ ಬೀಜ ಬಾಳುವ ಕಾಲ ಸುಮಾರು ಇಮ್ಮಡಿಯಾಗುತ್ತದೆ, ಉಷ್ಣಾಂಶ ಐದಾರು ಡಿಗ್ರಿ ಇಳಿದರೂ ಹಾಗೆಯೇ. ಕಚ್ಚಿದರೆ ಕಟಕ್ಕನೆ ಮುರಿಯುವಷ್ಟು ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ. ಮಲೆನಾಡಿನ ಮಳೆಗಾಲದಲ್ಲಿ ಗೋಣಿಚೀಲದ ಬೀಜ ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ.

ಒಪ್ಪಿಸಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನೋ, ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದ ತ್ರಿಶೂರ್ ಕೇಂದ್ರವನ್ನೋ ಸಂಪರ್ಕಿಸಿ. ಹಕ್ಕಿನ ಬಗ್ಗೆ ಆತಂಕ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರ ತಳಿಯನ್ನು ನಿಮ್ಮ ಹೆಸರಿನಲ್ಲಿ ಅಥವಾ ಊರಿನ ಸಮುದಾಯದ ಹೆಸರಿನಲ್ಲಿ ಶುಲ್ಕವಿಲ್ಲದೆ ನೋಂದಾಯಿಸಬಹುದು. ಬ್ರಾಂಡ್ ಹಾಕಿ ಮಾರುವುದೊಂದನ್ನು ಬಿಟ್ಟು, ಬೀಜವನ್ನು ಉಳಿಸಲು, ಬಿತ್ತಲು, ಹಂಚಲು, ಮಾರಲು ರೈತರಿಗೆ ಇರುವ ಹಕ್ಕು ಹಾಗೆಯೇ ಇರುತ್ತದೆ. ಮಾದರಿಯ ಜೊತೆ ಊರಿನ ಹೆಸರು, ಗದ್ದೆ ಮಕ್ಕಿಯೋ (ಎತ್ತರದ್ದೋ) ಬೈಲೋ (ತಗ್ಗಿನದೋ) ಎಂಬುದು, ಅಗೆ ಹಾಕುವ ಮತ್ತು ಕೊಯ್ಯುವ ತಿಂಗಳು, ಮನೆಯಲ್ಲಿ ಅದನ್ನು ಯಾವ ಅಡುಗೆಗೆ ಬಳಸುತ್ತಿದ್ದರು ಎಂಬ ವಿವರಗಳನ್ನು ತಪ್ಪದೆ ಬರೆದುಕೊಡಿ. ಈ ವಿವರಗಳಿಲ್ಲದೆ ಬಂದ ಮಾದರಿಯನ್ನು ಯಾವ ಗುಣಕ್ಕಾಗಿ ಪರೀಕ್ಷಿಸಬೇಕೆಂದು ತಳಿವಿಜ್ಞಾನಿಗೆ ತಿಳಿಯುವುದೇ ಇಲ್ಲ.