ನ್ಯೂಯಾರ್ಕ್‌ನಂಥ ದುಡ್ಡಿರುವ ಊರಲ್ಲಿ 1990ರ ಆಸುಪಾಸಿನಲ್ಲಿ ಟಿಬಿ ಮತ್ತೆ ಏರಿದ್ದೇಕೆ?

ಊರಿಗೆ ದುಡ್ಡಿತ್ತು, ಆದರೆ ಟಿಬಿ ಹರಡಿದ ಕಡೆ ಇರಲಿಲ್ಲ. 1978ರಲ್ಲಿ ಅಲ್ಲಿ ಪತ್ತೆಯಾದ ಹೊಸ ರೋಗಿಗಳು 1,307. 1992ರಲ್ಲಿ 3,811, ಅಂದರೆ ಹತ್ತಿರಹತ್ತಿರ ಮೂರು ಪಟ್ಟು.

ರೋಗ ಊರ ತುಂಬ ಸಮನಾಗಿ ಹರಡಲಿಲ್ಲ. ಬಡವರು, ಕಪ್ಪು ಜನರು ಜಾಸ್ತಿ ಇದ್ದ ಹಾರ್ಲೆಮ್‌ನಂಥ ಕಡೆಗಳಲ್ಲೇ ಅದರ ಹಾವಳಿ. ಅದೇ ಹೊತ್ತಿಗೆ, ಮೈಯ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಎಚ್‌ಐವಿ ಬಂದಿತ್ತು. ಮೈಯಲ್ಲಿ ಸುಮ್ನೆ ಮಲಗಿರುವ ಟಿಬಿ ರೋಗಾಣು, ರೋಗನಿರೋಧಕ ಶಕ್ತಿ ಕುಸಿದ ಕೂಡಲೇ ಎದ್ದು ಕೂರುತ್ತದೆ. ಮನೆಯಿಲ್ಲದವರಿಗಾಗಿ ಇದ್ದ ದೊಡ್ಡ ಹಾಲ್‌ಗಳಲ್ಲಿ ನೂರಾರು ಮಂದಿ ಸಾಲು ಮಂಚಗಳ ಮೇಲೆ ಮಲಗುತ್ತಿದ್ದರು. ಒಬ್ಬ ಕೆಮ್ಮಿದರೆ ಎಲ್ಲರಿಗೂ ಅದೇ ಗಾಳಿ, ಅಲ್ವಾ?

ನನ್ನ ಪ್ರಕಾರ ದೊಡ್ಡ ತಪ್ಪು ಬೇರೆಯೇ. ಟಿಬಿ ಕಡಿಮೆಯಾಯ್ತು ಅಂತ ಮೊದಲೇ ಅದರ ಬಜೆಟ್ಟು, ಕ್ಲಿನಿಕ್ಕು ಎಲ್ಲಾ ಕಡಿತವಾಗಿತ್ತು. 1988ರಲ್ಲಿ ಹಾರ್ಲೆಮ್ ಆಸ್ಪತ್ರೆಯಿಂದ ಮಾತ್ರೆ ಕೊಟ್ಟು ಮನೆಗೆ ಕಳಿಸಿದ 178 ಮಂದಿಯಲ್ಲಿ ಶೇ 89ರಷ್ಟು ಜನ ಚಿಕಿತ್ಸೆ ಮುಗಿಸಲೇ ಇಲ್ಲ. ಅರ್ಧಕ್ಕೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ. 1991ರ ಒಂದು ಸಮೀಕ್ಷೆಯಲ್ಲಿ, ಐದರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಐಸೋನಿಯಾಜಿಡ್, ರಿಫಾಂಪಿಸಿನ್ ಎರಡೂ ನಾಟುತ್ತಿರಲಿಲ್ಲ. ಟಿಬಿಗೆ ಇವೇ ಮುಖ್ಯ ಮಾತ್ರೆಗಳು.

ಆಮೇಲೆ ಸರ್ಕಾರ ದುಡ್ಡು ಸುರಿಯಿತು. ಆರೋಗ್ಯ ಕಾರ್ಯಕರ್ತರು ರೋಗಿ ಇದ್ದಲ್ಲಿಗೇ ಹೋಗಿ, ಎದುರಿಗೆ ನಿಂತು ಮಾತ್ರೆ ನುಂಗಿಸಿದರು. ಆಸ್ಪತ್ರೆ, ಜೈಲುಗಳಲ್ಲಿ ಸೋಂಕು ತಡೆಯುವ ಏರ್ಪಾಡೂ ಬಿಗಿಯಾಯಿತು. 1994ರ ಹೊತ್ತಿಗೆ ಹೊಸ ರೋಗಿಗಳ ಸಂಖ್ಯೆ 1992ಕ್ಕಿಂತ ಶೇ 21ರಷ್ಟು ಇಳಿದಿತ್ತು.