ಓದುಗರ ಪ್ರಶ್ನೆ: ಎರಡು ವರ್ಷದ ಐಟಿಐ ಬೇಕೆ, ಮೂರು ತಿಂಗಳ ಕೋರ್ಸ್ ಸಾಕೆ?

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನ ಮಗ ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಸೇರಬೇಕೆಂದಿದ್ದಾನೆ. ಆದರೆ ನಮ್ಮ ಪಟ್ಟಣದ ತರಬೇತಿ ಕೇಂದ್ರವೊಂದು ‘ಸಾಮರ್ಥ್ಯ ಆಧಾರಿತ ತರಬೇತಿ’ ಎಂದು ಹೇಳಿ ಮೂರೇ ತಿಂಗಳಲ್ಲಿ ಪ್ರಮಾಣಪತ್ರ ಕೊಡುತ್ತಿದೆ. ಹಾಗಿದ್ದರೆ ಎರಡು ವರ್ಷ ಏಕೆ ಕಳೆಯಬೇಕು? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಸಾಮರ್ಥ್ಯ ಆಧಾರಿತ ತರಬೇತಿಯೆಂದರೆ ಬೇಗ ಮುಗಿಯುವ ತರಬೇತಿ ಎಂಬ ತಿಳಿವಳಿಕೆ ಹೇಗೋ ಬೇರೂರಿಬಿಟ್ಟಿದೆ, ಮೊದಲು ಅದನ್ನು ಬಿಡಬೇಕು. ಕಲಿತವನು ಆ ಕೆಲಸವನ್ನು ನಿಗದಿಯಾದ ಮಟ್ಟಕ್ಕೆ ತಾನೇ ಮಾಡಿ ತೋರಿಸಬಲ್ಲನೇ ಎಂಬುದೊಂದೇ ಈ ಪದ್ಧತಿಯ ಅಳತೆಗೋಲು. ಆ ಮಟ್ಟ ಏನೆಂಬುದನ್ನು ಉದ್ಯಮದವರೂ ಇರುವ ವಲಯ ಕೌಶಲ ಮಂಡಳಿಗಳು ವೃತ್ತಿ ಮಾನದಂಡಗಳ ರೂಪದಲ್ಲಿ ಬರೆದಿಡುತ್ತವೆ. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಅರ್ಹತೆಗಳನ್ನು ಹಂತಹಂತವಾಗಿ ಜೋಡಿಸುತ್ತದೆ.

ಫಿಟ್ಟರ್ ಕೆಲಸವನ್ನೇ ನೋಡಿ. ಎರಡು ಉಕ್ಕಿನ ತುಂಡುಗಳನ್ನು ಗುರುತು ಹಾಕಿ, ಕೊಯ್ದು, ಅರ ಉಜ್ಜಿ, ಒಂದರೊಳಗೊಂದು ಜಾರಿ ಕೂರುವಂತೆ ಮಾಡಬೇಕು; ಅಳತೆಯಲ್ಲಿ 0.04 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬರುವಂತಿಲ್ಲ. ಹುಡುಗ ಉಜ್ಜಿದ ಉಕ್ಕಿನ ಮೈಗೆ ಟ್ರೈಸ್ಕ್ವೇರ್ (ಲಂಬಕೋನ ಪರೀಕ್ಷಿಸುವ ಉಪಕರಣ) ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಂಡರೆ ತುಂಡನ್ನು ಮತ್ತೆ ವೈಸ್‌ಗೆ (ತುಂಡನ್ನು ಬಿಗಿಯಾಗಿ ಹಿಡಿಯುವ ಉಪಕರಣ) ಕಟ್ಟಬೇಕು. ಅರದ ಮೇಲೆ ಎಲ್ಲಿ ಒತ್ತಬೇಕು, ಎಲ್ಲಿ ಕೈ ಹಗುರ ಮಾಡಬೇಕು ಎಂಬುದು ತಿಂಗಳುಗಟ್ಟಲೆ ಮಾಡಿ ಕೆಡಿಸಿದ ಮೇಲೆಯೇ ಬರುವ ವಿದ್ಯೆ. ಅಸೆಂಬ್ಲಿ ಲೈನಿನ ಯಾವುದಾದರೂ ಒಂದು ನಿರ್ದಿಷ್ಟ ಕೆಲಸಕ್ಕೆ ಮೂರು ತಿಂಗಳು ಸಾಕಾಗಬಹುದು, ಅಂಥ ಕೋರ್ಸುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಡೀ ಕಸುಬನ್ನು ಅಷ್ಟರಲ್ಲಿ ಕಲಿಸುತ್ತೇವೆ ಎನ್ನುವವರ ಮಾತನ್ನು ನಂಬಬೇಡಿ.

ನಿಮ್ಮ ಮಗನಿಗೆ ಐಟಿಐಯೇ ಸೂಕ್ತ. ಅಲ್ಲಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಶಿಷ್ಯವೇತನ ಪಡೆಯುತ್ತ ಕಲಿಯಬಹುದು. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಎಲ್ಲ ಐಟಿಐಗಳೂ ಒಂದೇ ಮಟ್ಟದಲ್ಲಿಲ್ಲ ಎಂಬುದೂ ನಿಜ. ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಸಹಯೋಗದ ಯೋಜನೆಯಲ್ಲಿ ಮೇಲ್ದರ್ಜೆಗೇರಿವೆ. ನಿಮ್ಮ ಸಮೀಪದ ಸಂಸ್ಥೆ ಅವುಗಳಲ್ಲಿ ಇದೆಯೇ ವಿಚಾರಿಸಿ. ಸೇರಿಸುವ ಮೊದಲು ತಾವೇ ಒಮ್ಮೆ ವರ್ಕ್‌ಶಾಪ್‌ನೊಳಗೆ ಹೋಗಿ, ಲೇತ್‌ಗಳು ನಡೆಯುತ್ತಿವೆಯೇ, ಒಂದು ವೈಸ್‌ಗೆ ಎಷ್ಟು ಹುಡುಗರು ಕಾಯುತ್ತಾರೆ, ಆ ಟ್ರೇಡಿಗೆ ಬೋಧಕರು ಇದ್ದಾರೆಯೇ ಎಂದು ನೋಡುವುದು ಯಾವ ಮಾಹಿತಿ ಪುಸ್ತಿಕೆಗಿಂತಲೂ ಮೇಲು.

ಪ್ರಶ್ನೆ: ಬಹಳ ವರ್ಷಗಳಿಂದ ಮನೆಗಳ ವೈರಿಂಗ್ ಮಾಡುತ್ತಿದ್ದೇನೆ. ಓದು ಏಳನೇ ತರಗತಿಗೇ ನಿಂತಿತು. ನನಗೂ ಪ್ರಮಾಣಪತ್ರ ಸಿಗುತ್ತದೆಯೇ? (ತುಮಕೂರು ಜಿಲ್ಲೆಯ ಓದುಗರು)

ಉತ್ತರ: ನಿಮ್ಮಂಥವರಿಗೆಂದೇ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆಯಿದೆ; ಆರ್‌ಪಿಎಲ್ ಎಂದು ಕೇಳಿದರೆ ಕೌಶಲಾಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯವರಿಗೆ ಗೊತ್ತಾಗುತ್ತದೆ. ಇದರಲ್ಲಿ ಮೊದಲಿನಿಂದ ಕಲಿಸುವುದಿಲ್ಲ. ಸಂಕ್ಷಿಪ್ತ ಪರಿಚಯ ತರಬೇತಿಯ ನಂತರ ಪರೀಕ್ಷಕರು ನಿಮ್ಮ ಕೆಲಸವನ್ನು ನೋಡಿ, ಮಾತನಾಡಿಸಿ, ಅಂಕ ಕೊಡುತ್ತಾರೆ. ಕೆಲವು ಕೋರ್ಸ್‌ಗಳಿಗೆ ಕನಿಷ್ಠ ವಿದ್ಯಾರ್ಹತೆ ಇರುವುದರಿಂದ, ಏಳನೇ ತರಗತಿಯ ಜೊತೆಗೆ ನಿಮ್ಮ ಅನುಭವವನ್ನು ಪರಿಗಣಿಸುವ ಕೋರ್ಸ್ ಯಾವುದೆಂದು ಅಲ್ಲಿಯೇ ಕೇಳಿ. ಅನುಭವಿಗಳು ಎಡವುವುದು ಹೆಚ್ಚಾಗಿ ಸುರಕ್ಷತೆಯಲ್ಲಿ: ಬೋರ್ಡ್ ಬಿಚ್ಚುವ ಮೊದಲು ಮೇನ್ ತೆಗೆದು, ಕರೆಂಟ್ ಇಲ್ಲವೆಂದು ಟೆಸ್ಟರ್‌ನಿಂದ ಖಚಿತಪಡಿಸಿಕೊಳ್ಳುವುದನ್ನು ರೂಢಿಯ ಕೈ ಬಿಟ್ಟುಬಿಡುತ್ತದೆ. ಇನ್ನೊಂದು ಮಾತು: ಈ ಪ್ರಮಾಣಪತ್ರವೇ ವೈರ್‌ಮನ್ ಪರ್ಮಿಟ್ (ವೈರಿಂಗ್ ಕೆಲಸದ ಪರವಾನಗಿ) ಅಲ್ಲ. ಅದನ್ನು ವಿದ್ಯುತ್ ಪರಿವೀಕ್ಷಣಾಲಯ ಬೇರೆಯಾಗಿಯೇ ಕೊಡುತ್ತದೆ. ಅರ್ಹತೆಯ ನಿಯಮಗಳನ್ನು ಆ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ.